ನಮ್ಮನೆಯವರು ತಂದ ಪ್ರವಾಹ

ದುಪ್ಪಟಿಯ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ತುದಿ ನಮ್ಮನೆಯವರ ಕೈಯಲ್ಲಿ. ನಾನೂ ಹಿಂಡುತ್ತಿದ್ದೆ, ಅವರೂ ಹಿಂಡುತ್ತಿದ್ದರು. ನಡುವೆ ಇಟ್ಟ ಬಕೆಟ್ಟಿಗೆ ಮಾತ್ರ ಒಂದು ಹನಿಯೂ ಬೀಳುತ್ತಿರಲಿಲ್ಲ.

“ರೀ, ಯಾವ ಕಡೆಗೆ ತಿರುಗಿಸ್ತಿದ್ದೀರಿ?”

“ನೀನು ತಿರುಗಿಸೋ ಕಡೆಗೇ. ನೀನೂ ಗೋಡೆ ಕಡೆಗೆ, ನಾನೂ ಗೋಡೆ ಕಡೆಗೆ. ಗಂಡ ಹೆಂಡತಿ ಅಂದ್ಮೇಲೆ ಒಂದೇ ದಿಕ್ಕಿಗೆ ಹೋಗಬೇಡ್ವೇ?”

ಇಬ್ಬರೂ ಒಂದೇ ದಿಕ್ಕಿಗೆ ಹೋದರೆ ಸಂಸಾರ ನಡೆದೀತು, ದುಪ್ಪಟಿ ಹಿಂಡಲಾಗುವುದಿಲ್ಲ. ಈ ಮಾತನ್ನು ಮದುವೆಯಾದ ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಅವರು ಪ್ರತಿ ಸಲವೂ ಹೊಸದಾಗಿ ಕೇಳಿಸಿಕೊಂಡು, ಹೊಸದಾಗಿ ಆಶ್ಚರ್ಯಪಟ್ಟು, ಮುಂದಿನ ಸಲಕ್ಕೆ ಮರೆಯುತ್ತಾರೆ. ನಾನು ನನ್ನ ತುದಿಯನ್ನು ಕಿಟಕಿಗೆ ಕಟ್ಟಿ, ಅವರ ತುದಿಯನ್ನು ಅವರ ಕೈಯಿಂದ ಬಿಡಿಸಿಕೊಂಡು, ಒಬ್ಬಳೇ ಹಿಂಡಿದೆ. ಅರ್ಧ ಬಕೆಟ್ಟು ನೀರು ಬಂತು. ಆ ನೀರಿನಲ್ಲಿ ನೆಲ ಒರೆಸುವುದು, ನೆಲ ಒರೆಸಿದ ನೀರಿನಲ್ಲಿ ಮೆಟ್ಟಿಲು ತೊಳೆಯುವುದು, ಮೆಟ್ಟಿಲಿಂದ ಇಳಿದದ್ದು ಬೇಲಿ ಬಳ್ಳಿಯ ಬುಡಕ್ಕೆ. ಸರ್ಕಾರಿ ನೌಕರರಿಗಾದರೂ ನಿವೃತ್ತಿ ಉಂಟು. ನಮ್ಮನೆ ನೀರಿಗೆ ಇಲ್ಲ.

ನಮ್ಮನೆಯವರು ಬೋರ್ಡು ಬರೆಯುವವರು. ಊರಿನ ಅರ್ಧಕ್ಕರ್ಧ ಅಂಗಡಿಗಳ ಹಣೆಯ ಮೇಲಿರುವುದು ಅವರ ಅಕ್ಷರ. ಬೀದಿಯವರೆಲ್ಲ ಅವರನ್ನು ಬೋರ್ಡಪ್ಪ ಎನ್ನುತ್ತಾರೆ. ಅವರು ಮಾತ್ರ ತಮ್ಮನ್ನು ಕಲಾವಿದ ಎಂದುಕೊಂಡಿದ್ದಾರೆ. ಅಕ್ಷರ ಅಂದವೇ, ಸುಳ್ಳು ಹೇಳಬಾರದು. ಆದರೆ ಬಾಗಿಲ ಮೇಲೆ “ಒಳಗೆ” ಎಂದು ಬರೆಯಬೇಕಾದಲ್ಲಿ “ಹೊರಗೆ” ಎಂದು ಬರೆದು, ಒಂದು ಬ್ಯಾಂಕಿನ ಗಿರಾಕಿಗಳನ್ನೆಲ್ಲ ಹಿತ್ತಲ ಬಾಗಿಲಿಂದ ಓಡಾಡಿಸಿದ ಕೀರ್ತಿಯೂ ಅವರದೇ.

ಇನ್ನು ನೀರಿನ ಮಾತು. ಊರ ಅಂಚಿಗೇ ದೊಡ್ಡ ನದಿ ಇದೆ. ಇದೆ ಎಂದರೆ ನಕ್ಷೆಯಲ್ಲಿದೆ. ಎರಡೂ ದಂಡೆಗೆ ಸಾಲಾಗಿ ಮೋಟಾರುಗಳು ಕೂತು ಹಗಲಿಡೀ ಹೀರುತ್ತವೆ. ಬಣ್ಣದ ಕಾರ್ಖಾನೆಯದು, ತೋಟಗಳದು, ಈಜುಕೊಳದ ಕ್ಲಬ್ಬಿನದು, ನಮ್ಮ ಪಕ್ಕದ ಮನೆ ಲಾಂಡ್ರಿಯಣ್ಣನದು. ಅವೆಲ್ಲ ಕುಡಿದು ಬಾಯಿ ಒರೆಸಿಕೊಂಡ ಮೇಲೆ ಉಳಿದದ್ದು ನಮ್ಮ ನಲ್ಲಿಗೆ. ನಲ್ಲಿ ತಿರುಗಿಸಿದರೆ ಮೊದಲು ಒಂದು ನಿಟ್ಟುಸಿರು, ಆಮೇಲೆ ಒಂದು ಕೆಮ್ಮು, ಅಷ್ಟೇ.

ಇದರಲ್ಲಿ ನನಗಿದ್ದ ಸಂಕಟ ಒಂದೇ. ಮಗಳು ಹೆತ್ತು ಗಂಡನ ಊರಲ್ಲಿದ್ದಳು. ನಾನು ಹೋಗಿ ನೋಡಿ ಬಂದದ್ದು ಕಣ್ಣೇ ಬಿಡದ ಮಗುವನ್ನು. ಈಗ ಅದು ನಗುತ್ತದಂತೆ, ಮಗ್ಗುಲಾಗುತ್ತದಂತೆ, ಯಾರ ಮೂಗು ಸಿಕ್ಕಿದರೂ ಹಿಡಿಯುತ್ತದಂತೆ. ನನ್ನ ಮೂಗು ಇಲ್ಲಿ ಸುಮ್ಮನೆ ಕೂತಿತ್ತು. ಮಗಳನ್ನು ಮಗುವಿನ ಸಮೇತ ಒಂದಷ್ಟು ದಿನ ಕಳಿಸಿ ಎಂದರೆ ನಮ್ಮ ಬೀಗತಿ ಫೋನಿನಲ್ಲಿ ಹೇಳಿದರು:

“ಮಗು ಅಂದ್ರೆ ದಿನಕ್ಕೆ ಎಷ್ಟು ಬಟ್ಟೆ ಅಂತ ನಿಮಗೆ ಗೊತ್ತಲ್ಲ. ನಿಮ್ಮೂರಲ್ಲಿ ಮುಖ ತೊಳೆಯೋಕೇ ನೀರಿಲ್ವಂತೆ. ನಲ್ಲೀಲಿ ನೀರು ಬರ್ತಿದೆ ಅಂತ ಬರೆದು ಕಳಿಸಿ, ಕಳಿಸ್ತೀನಿ.”

“ಈಗ ಬಾಯಲ್ಲೇ ಹೇಳಿದ್ರೆ ಆಗಲ್ವೇ?”

“ಬಾಯಿ ಮಾತು ಗಾಳಿ ಮಾತು. ಬರೆದು, ಸಹಿ ಹಾಕಿ.”

ಬೀಗತಿ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದವರು. ಸೂರ್ಯ ಹುಟ್ಟಿದ್ದಕ್ಕೂ ಲಿಖಿತ ಪುರಾವೆ ಕೇಳುವವರು. ಸರಿ, ಬರೆದೆ. ನಾನು ಅಕ್ಷರ ಕಲಿತದ್ದು ಕೂದಲು ನೆರೆತ ಮೇಲೆ, ರಾತ್ರಿ ಶಾಲೆಯ ಬೆಂಚಿನ ಮೇಲೆ. ಹಾಗಾಗಿ ಒಂದು ಕಾಗದ ಬರೆದರೆ ನನಗೆ ಒಂದು ಮನೆ ಕಟ್ಟಿಸಿದಷ್ಟು ಸಂತೋಷ. ಬರೆದದ್ದು ನೆಟ್ಟಗೇ ಇತ್ತು. ಆದರೆ “ನಲ್ಲಿಯಲ್ಲಿ ನೀರು ಬರುತ್ತಿದೆ” ಎಂಬ ಸಾಲು ನಿಜವಾಗುವವರೆಗೆ ಅದನ್ನು ಅಂಚೆಗೆ ಹಾಕುವುದು ಹೇಗೆ? ಇಷ್ಟು ಕಷ್ಟಪಟ್ಟು ಅಕ್ಷರ ಕಲಿತದ್ದು ಸುಳ್ಳು ಬರೆಯಲಿಕ್ಕಲ್ಲ. ಕಾಗದ ಗಡಿಯಾರದ ಹಿಂದೆ ಕೂತಿತು. ಮೂಲೆ ಮನೆಯ ಪೋಸ್ಟಣ್ಣ ದಿನವೂ ಸೈಕಲ್ ನಿಲ್ಲಿಸಿ ಕೇಳುತ್ತಿದ್ದ:

“ಅಮ್ಮಾ, ಇವತ್ತಾದ್ರೂ ಹಾಕ್ತೀರಾ? ಪೆಟ್ಟಿಗೆ ಬಾಯಿ ತೆರ್ಕೊಂಡು ಕಾಯ್ತಿದೆ.”

“ನಮ್ಮ ನಲ್ಲೀನೂ ಹಾಗೇ ಕಾಯ್ತಿದೆ, ಹೋಗಪ್ಪಾ.”

ಹೀಗಿರುವಾಗ ನೀರಿನ ಕಚೇರಿಯಿಂದ ನಮ್ಮನೆಯವರಿಗೆ ಕರೆ ಬಂತು. ಸೇತುವೆಯ ಕಂಬದ ಮೇಲೆ ನದಿಯ ಮಟ್ಟ ತಿಳಿಯಲು ಅಡಿ ಅಡಿಗೆ ಅಂಕಿ ಬರೆದ ಪಟ್ಟಿಯೊಂದಿದೆ. ಅಂಕಿಗಳೆಲ್ಲ ಅಳಿಸಿ ಹೋಗಿ, ಅಳತೆ ಗುಮಾಸ್ತನಿಗೆ ಏನೂ ಕಾಣುತ್ತಿರಲಿಲ್ಲ. ಅವನು ಕಾಣದ್ದಕ್ಕೆ ತಲೆ ಕೆಡಿಸಿಕೊಳ್ಳುವ ಪೈಕಿ ಅಲ್ಲ. ದಿನವೂ ಬಂದು, ಕಂಬಕ್ಕೊಂದು ನಮಸ್ಕಾರ ಹಾಕಿದ ಹಾಗೆ ನೋಡಿ, “ಎಂಟಡಿ” ಎಂದು ಫೋನು ಮಾಡಿ ಹೋಗುತ್ತಿದ್ದ. ಮಳೆಗಾಲದಲ್ಲೂ ಎಂಟಡಿ, ಬೇಸಿಗೆಯಲ್ಲೂ ಎಂಟಡಿ. ಹೊಸದಾಗಿ ಬಂದ ಎಂಜಿನಿಯರ್ ಸಾಹೇಬರಿಗೆ ಮಾತ್ರ ಅನುಮಾನ ಬಂತು.

“ಹಳೇ ಅಂಕಿಗಳ ಮೇಲೇ ಬಣ್ಣ ಹಚ್ಚಿ ಸಾಕು,” ಎಂದರಂತೆ ಸಾಹೇಬರು. ಅಲ್ಲಿಗೆ ಕಲಾವಿದರ ಮನಸ್ಸಿಗೆ ನೋವಾಯಿತು.

“ಇನ್ನೊಬ್ಬ ಬರೆದದ್ದರ ಮೇಲೆ ತೀಡೋಕೆ ನಾನೇನು ಸ್ಲೇಟು ಹಿಡಿದ ಮಗುವೇ?” ಎಂದು ನನ್ನ ಮುಂದೆ ಗುಡುಗಿದರು. ಸೇತುವೆಯ ಕಟಕಟೆಗೆ ಹಗ್ಗದೇಣಿ ಕಟ್ಟಿ ಇಳಿದು, ಹಳೆಯದನ್ನೆಲ್ಲ ಕಂಬ ಹೊಳೆಯುವ ಹಾಗೆ ಕೆರೆದು ತೆಗೆದರು. ಆಮೇಲೆ ಬಿಳಿ ಬಳಿದು, ಮೇಲಿನಿಂದ ಶುರು ಮಾಡಿ, ಅಂದವಾದ ಕಪ್ಪು ಅಂಕಿಗಳನ್ನು ಬರೆಯುತ್ತಾ ಬರೆಯುತ್ತಾ ಇಳಿದರು. ಅಪಾಯದ ಗೆರೆ ಹದಿನೇಳಕ್ಕೆ ಎಂದು ಸಾಹೇಬರು ಹೇಳಿದ್ದರಿಂದ, ಹದಿನೇಳಕ್ಕೆ ಕೆಂಪು ಗೆರೆ ಎಳೆದು, ತುದಿಗೊಂದು ಬಾಣವನ್ನೂ ಬಿಡಿಸಿದರು.

ಮುಗಿದ ದಿನ ಬೀದಿಯವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದರು. ಎಲ್ಲರೂ ಹೊಗಳಿದೆವು. ಲಾಂಡ್ರಿಯಣ್ಣ, “ಎಂಟರ ಹೊಟ್ಟೆ ನೋಡಿ, ಎಷ್ಟು ದುಂಡಗಿದೆ!” ಎಂದ. ಎಂಜಿನಿಯರ್ ಸಾಹೇಬರೂ ಬಂದು, “ಎಷ್ಟು ಸ್ಪಷ್ಟ! ನದಿಯುದ್ದಕ್ಕೂ ಎಲ್ಲ ಸೇತುವೆಗೂ ನೀವೇ ಬರೀಬೇಕು,” ಎಂದರು. ನಮ್ಮನೆಯವರು ಅವತ್ತು ಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರು. ಬಾಗಿಲು ಎತ್ತರವೇ ಇತ್ತು. ತಾವೇ ಒಂದು ಗೇಣು ಬೆಳೆದಿದ್ದೇವೆ ಎಂದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಅಳತೆ ಗುಮಾಸ್ತ ಸೇತುವೆಗೆ ಬಂದ. ಎಷ್ಟೋ ವರ್ಷಗಳ ಮೇಲೆ ಅವನಿಗೆ ಮೊದಲ ಸಲ ಅಂಕಿ ಕಂಡಿತು. ನೀರು ಮುಟ್ಟುತ್ತಿದ್ದ ಅಂಕಿ ಹತ್ತೊಂಬತ್ತು. ಅವನು ಕಣ್ಣುಜ್ಜಿಕೊಂಡು, ಬೆವರುತ್ತಾ ಫೋನು ಮಾಡಿದ: “ಸಾರ್, ನಿನ್ನೆ ಎಂಟು, ಇವತ್ತು ಹತ್ತೊಂಬತ್ತು!”

“ನೀರು ನೋಡಿದೆಯೇನಯ್ಯಾ?”

“ನೀರು ನೋಡೋದು ನನ್ನ ಕೆಲಸ ಅಲ್ಲ ಸಾರ್. ನಂಬರು ನೋಡೋದು ನನ್ನ ಕೆಲಸ.”

ಅದರ ಮಾರನೇ ದಿನ ನದಿ ಇನ್ನಷ್ಟು ಒಣಗಿ ಇನ್ನೊಂದು ಅಡಿ ಕೆಳಗಿಳಿಯಿತು. ಅಂಕಿ ಇಪ್ಪತ್ತಾಯಿತು. ಪಟ್ಟಿಯಲ್ಲಿ ಅದಕ್ಕಿಂತ ದೊಡ್ಡ ಅಂಕಿಯೇ ಇರಲಿಲ್ಲ. ಕಚೇರಿಯಲ್ಲಿ ಹಾಹಾಕಾರ. ಕಡತಗಳನ್ನೆಲ್ಲ ಮಹಡಿಗೆ ಸಾಗಿಸಿದರು. ನದಿಯುದ್ದಕ್ಕೂ ಎಲ್ಲ ಊರಿಗೂ ಸುದ್ದಿ ಹೋಯಿತು. ಮೇಲಿನ ಊರಿನ ಅಧಿಕಾರಿಗಳು, “ನಮ್ಮಲ್ಲಿ ಮರಳು ಬಿಟ್ಟರೆ ಏನೂ ಇಲ್ಲವಲ್ಲ,” ಎಂದು ಸ್ವಲ್ಪ ಗೊಂದಲಪಟ್ಟರಂತೆ. ಆಮೇಲೆ, “ಕೆಳಗೆ ಇಪ್ಪತ್ತಡಿ ಇದೆ ಅಂದ್ರೆ ನಮ್ಮನ್ನ ದಾಟೇ ಹೋಗಿರಬೇಕು. ನಾವು ಊಟಕ್ಕೆ ಹೋದಾಗ ಹೋಗಿರುತ್ತೆ,” ಎಂದು ಸಮಾಧಾನ ಮಾಡಿಕೊಂಡರಂತೆ.

ನಮ್ಮ ಬೀದಿಯಲ್ಲಿ ಆಗ ನೀರಿನ ಲಾರಿಗೆ ಕಾಯುತ್ತಾ ನಾವೆಲ್ಲ ಖಾಲಿ ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಅಷ್ಟರಲ್ಲಿ ಧ್ವನಿವರ್ಧಕ ಕಟ್ಟಿದ ಗಾಡಿ ಬಂತು:

“ನಾಗರಿಕರೇ, ನದಿ ಅಪಾಯದ ಮಟ್ಟ ಮೀರಿ ಹರಿಯುತ್ತಿದೆ! ದಯವಿಟ್ಟು ಎತ್ತರದ ಜಾಗಕ್ಕೆ ಹೋಗಿ!”

ಸಾಲಿನಲ್ಲಿದ್ದವರೆಲ್ಲ ಗಾಡಿಯ ಕಡೆ ತಿರುಗಿದೆವು.

“ಯಾವ ನದಿ?” ಎಂದ ಲಾಂಡ್ರಿಯಣ್ಣ.

“ಯಾವುದಾದ್ರೇನು? ಹರೀತಿದೆಯಂತಲ್ಲ!” ಎಂದಳು ಅವನ ಹೆಂಡತಿ. ಎರಡು ಕೈಗೂ ಕೊಡ ಎತ್ತಿಕೊಂಡು, ನದಿಯ ಕಡೆ ಓಡಿದಳು. ಅವಳ ಹಿಂದೆ ಇಡೀ ಸಾಲು. ಗಾಡಿಯವನು, “ಆ ಕಡೆ ಅಲ್ಲ! ಎತ್ತರಕ್ಕೆ, ಎತ್ತರಕ್ಕೆ!” ಎಂದು ಕೂಗಿಕೊಳ್ಳುತ್ತಲೇ ಇದ್ದ. ಪ್ರವಾಹಕ್ಕೆ ಹೆದರಿ ಓಡುವ ಜನರನ್ನು ಪ್ರಪಂಚ ಕಂಡಿದೆ. ಪ್ರವಾಹ ಮುಗಿದು ಹೋದೀತೆಂದು ಹೆದರಿ, ಕೊಡ ಹಿಡಿದು ಅದರ ಕಡೆಗೇ ಓಡಿದವರು ನಾವೇ ಇರಬೇಕು.

ದಂಡೆಯಲ್ಲಿ ಎಂಜಿನಿಯರ್ ಸಾಹೇಬರು ನಿಂತಿದ್ದರು. ಮೊಣಕಾಲ ಮಟ್ಟದ ರಬ್ಬರ್ ಬೂಟು, ಎದೆಗೆ ತೇಲುವ ಅಂಗಿ, ಕೈಯಲ್ಲೊಂದು ಸೀಟಿ. ಸುತ್ತ ಮರಳು. ದೂರದಲ್ಲಿ ನದಿ, ಯಾರೋ ಚೆಲ್ಲಿದ ಚಹಾದ ಹಾಗೆ ತೆಳ್ಳಗೆ ಹರಿದಿತ್ತು.

“ಎಲ್ಲಿ ಸಾಹೇಬ್ರೆ ನೀರು?” ಎಂದು ಲಾಂಡ್ರಿಯಣ್ಣನ ಹೆಂಡತಿ ಕೇಳಿದಳು.

“ನಿಮ್ಮ ಕಣ್ಣು ನಂಬಬೇಡಿ! ನಂಬರು ನೋಡಿ!” ಎಂದು ಸಾಹೇಬರು ಕಂಬ ತೋರಿಸಿದರು. “ಇದು ಪ್ರವಾಹ ಬರೋ ಮುಂಚಿನ ಶಾಂತಿ. ಮೊದಲು ಆ ಮೋಟಾರುಗಳನ್ನೆಲ್ಲ ದಂಡೆ ಮೇಲಿಂದ ಎತ್ತಿಸಿ. ಕೊಚ್ಚಿಕೊಂಡು ಹೋದರೆ ಸರ್ಕಾರ ಜವಾಬ್ದಾರಿ ಅಲ್ಲ!”

ಮೋಟಾರಿನ ಮಾತು ಬಂದದ್ದೇ ತಡ, ಅದುವರೆಗೆ ನಗುತ್ತಿದ್ದ ಲಾಂಡ್ರಿಯಣ್ಣನ ಮುಖ ಬಿಳಿಚಿತು. ನೀರು ಬರಲಿ ಬಿಡಲಿ, ಮೋಟಾರು ಹೋದರೆ ಕೊಡುವವರು ಯಾರು? ಸಂಜೆಯೊಳಗೆ ಕಾರ್ಖಾನೆಯದು, ಕ್ಲಬ್ಬಿನದು, ತೋಟಗಳದು, ಎಲ್ಲ ಮೋಟಾರುಗಳೂ ಪೈಪು ಸಮೇತ ಎದ್ದು, ಗಾಡಿ ಹತ್ತಿ ಮನೆಗೆ ಹೋದವು. ಮೇಲಿನ ಊರುಗಳಲ್ಲೂ ಹಾಗೇ. ಲಾಂಡ್ರಿಯಣ್ಣ ತನ್ನದನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು, ಕಂಬಳಿ ಹೊದಿಸಿದನಂತೆ.

ನಾವು ಮನೆಗೆ ಬರುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಬೀಗತಿ.

“ಏನ್ರೀ ಇದು? ನಿನ್ನೆವರೆಗೂ ಬರ, ಇವತ್ತು ಪ್ರವಾಹ ಅಂತ ರೇಡಿಯೋದಲ್ಲಿ ಬರ್ತಿದೆ. ನೀರು ಇದೆ ಅಂತ ಬರೀರಿ ಅಂದ್ರೆ ಇಷ್ಟು ನೀರು ಯಾರು ಕೇಳಿದ್ರು? ಮಗೂನ ಕಳಿಸೋ ಊರಾ ಅದು?”

“ಬೀಗತಿಯೋರೇ, ಇಲ್ಲಿ ಪ್ರವಾಹ ಏನೂ ಇಲ್ಲ.”

“ಇಲ್ಲ ಅಂತಲೂ ಬರೆದು ಕಳಿಸಿ,” ಎಂದು ಇಟ್ಟುಬಿಟ್ಟರು.

ನೀರಿಲ್ಲವೆಂದು ಬಾರದ ಮಗು ಈಗ ನೀರು ಹೆಚ್ಚಾಯಿತೆಂದು ಬಾರದಾಯಿತು. ನಾನು ಗಡಿಯಾರದ ಹಿಂದಿನ ಕಾಗದವನ್ನು ಒಮ್ಮೆ ನೋಡಿ ಅಲ್ಲೇ ಇಟ್ಟೆ. ನಮ್ಮನೆಯವರು ಮಾತ್ರ ಎದೆ ಉಬ್ಬಿಸಿಕೊಂಡು ಕೂತಿದ್ದರು. “ನೋಡಿದ್ಯಾ, ನಾನು ಅಂಕಿ ಬರೆದ ಮೇಲೇ ನದಿಗೆ ಬುದ್ಧಿ ಬಂದದ್ದು!”

ಎರಡು ಮೂರು ದಿನ ಕಳೆದ ಮೇಲೆ ಬಟ್ಟೆಯ ಗಂಟು ಹೊತ್ತು ನದಿಗೆ ಹೋದೆ. ನಾನು ಯಾವಾಗಲೂ ಕೂರುವ ಒಗೆಯುವ ಕಲ್ಲು ಕಾಣಲಿಲ್ಲ. ಜಾಗ ತಪ್ಪಿದೆನೇ ಎಂದು ಹುಡುಕಿದೆ. ಕಲ್ಲು ಅಲ್ಲೇ ಇತ್ತು, ನೀರಿನ ಕೆಳಗೆ. ಮೋಟಾರುಗಳ ಗುಂಯ್ ಸದ್ದಿಲ್ಲದೆ ನದಿ ಮೊದಲ ಸಲ ನನಗೆ ಕೇಳಿಸಿತು. ಮೆತ್ತಗೆ ಗುಳುಗುಳು ಎನ್ನುತ್ತಿತ್ತು, ಹಾಲು ಕುಡಿದ ಮಗುವಿನ ಹಾಗೆ. ಖುಷಿಯಾಗಿ ಕತ್ತೆತ್ತಿ ಕಂಬ ನೋಡಿದೆ. ಅಂಕಿ ಹದಿನೆಂಟು.

ಮೊನ್ನೆ ಬರೀ ಮರಳು ಇದ್ದಾಗ ಇಪ್ಪತ್ತು. ಇವತ್ತು ನೀರು ಬಂದಾಗ ಹದಿನೆಂಟು. ನನಗೆ ಲೆಕ್ಕ ನಿಧಾನ, ಆದರೆ ಬಿಟ್ಟುಕೊಡುವವಳಲ್ಲ. ಬಟ್ಟೆ ಒಗೆಯುತ್ತಾ ಒಗೆಯುತ್ತಾ ಯೋಚಿಸಿದೆ. ಕೊನೆಯ ಅಂಗಿ ಹಿಂಡುವ ಹೊತ್ತಿಗೆ ಹೊಳೆಯಿತು.

ಮನೆಗೆ ಬಂದವಳೇ ನಮ್ಮನೆಯವರನ್ನು ಅಡುಗೆಮನೆಯ ಬಾಗಿಲಿಗೆ ಕರೆದುಕೊಂಡು ಹೋದೆ. ಆ ಚೌಕಟ್ಟಿನ ಮೇಲೆ ಮಗಳು ಬೆಳೆದ ಗುರುತುಗಳಿವೆ. ಪ್ರತಿ ಹುಟ್ಟುಹಬ್ಬಕ್ಕೂ ಅವಳನ್ನು ನಿಲ್ಲಿಸಿ ಅವರೇ ಬ್ರಷ್ಷಿನಿಂದ ಎಳೆದ ಗೆರೆಗಳು.

“ಇದು ಅವಳಿಗೆ ಎಷ್ಟು ವರ್ಷ ಆದಾಗ?”

“ಎರಡು.”

“ಇದು?”

“ಹತ್ತು.”

“ಎರಡು ಕೆಳಗಿದೆ, ಹತ್ತು ಮೇಲಿದೆ. ನಮ್ಮ ಮಗಳು ಮೇಲಕ್ಕೆ ಬೆಳೆದಳು. ನಿಮ್ಮ ನದಿ ಯಾಕ್ರೀ ಕೆಳಕ್ಕೆ ಬೆಳೀತಿದೆ?”

ಅವರು ಚೌಕಟ್ಟು ನೋಡಿದರು. ನನ್ನನ್ನು ನೋಡಿದರು. ಮತ್ತೆ ಚೌಕಟ್ಟು ನೋಡಿದರು.

“ಬೋರ್ಡನ್ನ ಯಾರಾದ್ರೂ ಕೆಳಗಿಂದ ಮೇಲಕ್ಕೆ ಬರೀತಾರೇನೇ? ಮೇಲಿಂದ ಕೆಳಕ್ಕೆ ಬರೆಯೋದು ಶಾಸ್ತ್ರ. ಏಣಿ ಇಳಿದೆ, ಮೊದಲು ಸಿಕ್ಕ ಜಾಗಕ್ಕೆ ಒಂದು ಅಂತ ಬರೆದೆ, ಅದರ ಕೆಳಗೆ ಎರಡು...” ಎಂದವರು ಅಲ್ಲಿಗೆ ನಿಂತರು. ಮೆಲ್ಲಗೆ ಹೋಗಿ ಮಂಚದ ಮೇಲೆ ಮಲಗಿ, ಮುಖದ ಮೇಲೆ ಟವೆಲು ಎಳೆದುಕೊಂಡರು. “ನಾನು ಊರಲ್ಲಿಲ್ಲ ಅಂತ ಹೇಳಿಬಿಡು,” ಎಂದು ಟವೆಲಿನ ಒಳಗಿಂದ ಕ್ಷೀಣ ದನಿ ಬಂತು.

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ನಲ್ಲಿ ಒಮ್ಮೆ ನಿಟ್ಟುಸಿರು ಬಿಟ್ಟಿತು, ಕೆಮ್ಮಿತು, ಆಮೇಲೆ, ನಂಬಿದರೆ ನಂಬಿ, ಧೋ ಎಂದು ಸುರಿಯಿತು. ಬೀದಿಯಲ್ಲೆಲ್ಲ ಕೂಗು: “ನೀರು ಬಂತು! ನಲ್ಲೀಲಿ ನೀರು ಬಂತು!” ಲಾಂಡ್ರಿಯಣ್ಣನ ಹೆಂಡತಿ ಕೊಡ ತುಂಬಿಸಿ, ಬಕೆಟ್ಟು ತುಂಬಿಸಿ, ಹೂಜಿ ತುಂಬಿಸಿ, ತುಂಬಿಸಲು ಇನ್ನೇನೂ ಸಿಗದೆ ಗಂಡನ ರಬ್ಬರ್ ಬೂಟನ್ನೂ ತುಂಬಿಸಿದಳು.

ನಾನು ಪಾತ್ರೆ ಹಿಡಿದು ನಿಂತಿದ್ದೆ. ಎಷ್ಟು ದಿನದಿಂದ ಕಾದ ನೀರು! ಸುಮ್ಮನಿದ್ದುಬಿಡೋಣವೇ, ಈಗಲೇ ಓಡಿಹೋಗಿ ಕಾಗದ ಹಾಕಿಬಿಡೋಣವೇ ಎನಿಸದೆ ಇರಲಿಲ್ಲ. ಅಷ್ಟರಲ್ಲಿ ಧ್ವನಿವರ್ಧಕದ ಗಾಡಿ ಮತ್ತೆ ಬಂತು. ಅಂಕಿ ಹದಿನಾರಕ್ಕೆ ಇಳಿದಿದೆಯಂತೆ.

“ನಾಗರಿಕರೇ, ಪ್ರವಾಹ ಇಳಿಯುತ್ತಿದೆ! ನಾಳೆ ಬೆಳಿಗ್ಗೆಯಿಂದ ಮೋಟಾರುಗಳನ್ನು ಯಥಾಸ್ಥಾನದಲ್ಲಿ ಇಡಬಹುದು!”

ನಾನು ಮಂಚದ ಹತ್ತಿರ ಹೋಗಿ ಟವೆಲು ಎತ್ತಿದೆ.

“ಏಳಿ. ಕಚೇರಿಗೆ ಹೋಗೋಣ.”

“ಏನಂತ ಹೇಳೋದೇ? ನದಿಯುದ್ದಕ್ಕೂ ಸೇತುವೆ ಬರೆಯೋ ಕೆಲಸ ಹೋಗುತ್ತೆ. ಹೋಗ್ಲಿ, ನಾಳೆಯಿಂದ ಹೋದಲ್ಲೆಲ್ಲ ಜನ ಏನಂತಾರೆ?”

“ಏನೂ ಅನ್ನಲ್ಲ. ನಗ್ತಾರೆ. ಬ್ಯಾಂಕಿನ ಬಾಗಿಲಿಗೂ ನಕ್ಕರು, ಬದುಕಿದ್ದೀರಲ್ಲ. ಹದಿನಾರಡಿ ಇದೆ ಅಂದ್ಕೊಂಡು ನಾಳೆ ಎಲ್ಲರೂ ಪೈಪು ಇಳಿಸ್ತಾರೆ. ಕೆಳಗಿಂದ ಎಣಿಸಿದ್ರೆ ಇರೋದು ಐದೇ ಅಡಿ ಅಂತ ಗೊತ್ತಾದ್ರೆ ಒಂದಿಷ್ಟಾದ್ರೂ ನಾಚ್ಕೋತಾರೆ. ಇಲ್ದಿದ್ರೆ ನಾಡಿದ್ದು ಮತ್ತೆ ಮರಳು. ಮೊಮ್ಮಗು ಬೇಕೋ, ಮಾನ ಬೇಕೋ?”

“ಎರಡೂ ಸಿಗೋ ಹಾಗಿಲ್ವಾ?” ಎಂದರು. ಆದರೂ ಎದ್ದು ಅಂಗಿ ತೊಟ್ಟರು. ತಿರುವುಮುರುವಾಗಿ ತೊಟ್ಟಿದ್ದರು. ಸರಿಮಾಡಿಸಿ ಕರೆದುಕೊಂಡು ಹೊರಟೆ.

ಕಚೇರಿಯಲ್ಲಿ ಕೆಳಗಿನ ಕೋಣೆಗಳೆಲ್ಲ ಖಾಲಿ. ಎಲ್ಲರೂ ಮಹಡಿಯಲ್ಲಿ ಕಡತಗಳ ಗುಡ್ಡದ ನಡುವೆ ಕೂತಿದ್ದರು. ಮೋಟಾರಿನವರೂ ಅಲ್ಲೇ ಜಮಾಯಿಸಿದ್ದರು. ಕಾರ್ಖಾನೆಯ ಮ್ಯಾನೇಜರು, ಕ್ಲಬ್ಬಿನ ಕಾರ್ಯದರ್ಶಿ, ತೋಟದವರು, ಕೊನೆಗೆ ಲಾಂಡ್ರಿಯಣ್ಣ. ಯಾರು ಮೊದಲು ಮೋಟಾರು ಇಳಿಸಬೇಕು ಎಂದು ಜಗಳ. ಸಾಹೇಬರು ತೇಲುವ ಅಂಗಿಯನ್ನು ಇನ್ನೂ ಬಿಚ್ಚಿರಲಿಲ್ಲ. ಊರನ್ನು ಪ್ರವಾಹದಿಂದ ಪಾರು ಮಾಡಿದ್ದಕ್ಕೆ ಮೇಲಿನಿಂದ ಶಹಬಾಸ್‌ಗಿರಿ ಬಂದಿತ್ತು. ಆ ಪತ್ರವನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದ್ದರು.

“ಬನ್ನಿ ಕಲಾವಿದರೇ!” ಎಂದರು. “ನಿಮ್ಮ ಅಂಕಿಗಳಿಂದಲೇ ಊರು ಉಳಿಯಿತು!”

ನಮ್ಮನೆಯವರನ್ನು ಅದುವರೆಗೆ ಕಲಾವಿದರೇ ಎಂದು ಯಾರೂ ಕರೆದಿರಲಿಲ್ಲ. ನನ್ನ ಕಡೆ ನೋಡಿದರು. ನಾನು ಮೆಲ್ಲಗೆ ಕೆಮ್ಮಿದೆ, ನಮ್ಮನೆ ನಲ್ಲಿಯ ಹಾಗೆ.

“ಸಾರ್... ಆ ಪಟ್ಟಿ... ತಲೆಕೆಳಗಾಗಿದೆ ಸಾರ್.”

“ಅಂದ್ರೆ ಕಳಚಿ ಬಿದ್ದಿದೆಯಾ?”

“ಇಲ್ಲ ಸಾರ್, ಗಟ್ಟಿಯಾಗಿದೆ. ನಾನು ತಲೆಕೆಳಗಾಗಿದ್ದೆ. ಅಂದ್ರೆ ಒಂದು ಮೇಲಿದೆ, ಇಪ್ಪತ್ತು ಕೆಳಗಿದೆ. ನೀರು ಏರಿದ್ರೆ ಅಂಕಿ ಇಳಿಯುತ್ತೆ, ನೀರು ಇಳಿದ್ರೆ ಅಂಕಿ ಏರುತ್ತೆ. ಪ್ರವಾಹ ಬಂದೇ ಇಲ್ಲ ಸಾರ್. ಬಂದಿದ್ರೆ ಅದು ನಂದೇ.”

ಅಳತೆ ಗುಮಾಸ್ತ ಮೊದಲು ಎಚ್ಚೆತ್ತ. “ನಾನು ನಂಬರು ಸರಿಯಾಗೇ ಓದಿದ್ದೀನಿ ಸಾರ್,” ಎಂದು ಒಂದು ಹೆಜ್ಜೆ ಹಿಂದೆ ಸರಿದ.

ಸಾಹೇಬರ ಮುಖದ ಮೇಲೆ ಬಣ್ಣಗಳು ಬಂದು ಹೋದವು. ಶಹಬಾಸ್‌ಗಿರಿಯ ಕಡೆ ನೋಡಿದರು. ತೇಲುವ ಅಂಗಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಗಂಭೀರವಾಗಿ ಹೇಳಿದರು: “ಅಸಾಧ್ಯ. ಪ್ರವಾಹ ಬಂದೇ ಇಲ್ಲ ಅಂದ್ರೆ ನಾನು ಊರನ್ನ ಯಾವುದರಿಂದ ಪಾರು ಮಾಡಿದೆ?”

ನಮ್ಮನೆಯವರಿಗೆ ಸಾಹೇಬರ ಮೇಲೆ ಕನಿಕರ ಬಂತು. ಅವರ ಸ್ವಭಾವವೇ ಹಾಗೆ, ತಾವು ಮುಳುಗುತ್ತಿದ್ದರೂ ಪಕ್ಕದವನಿಗೆ ಈಜು ಹೇಳಿಕೊಡುತ್ತಾರೆ.

“ಹಾಗಾದ್ರೆ ಒಂದು ಕೆಲಸ ಮಾಡಿ ಸಾರ್. ಪ್ರವಾಹ ಇನ್ನೂ ಹೋಗಿಲ್ಲ ಅಂದುಬಿಡಿ. ಯಾವಾಗ ಬೇಕಾದ್ರೂ ಬರಬಹುದು ಅನ್ನಿ. ಬರೋದು ಹೌದಲ್ಲ, ಒಂದಲ್ಲ ಒಂದು ವರ್ಷ?”

ಮೋಟಾರಿನವರು ಎದ್ದು ನಿಂತರು. “ಹಾಗಾದ್ರೆ ನಮ್ಮ ಮೋಟಾರು?” ಎಂದರು ಮ್ಯಾನೇಜರು. “ನಮ್ಮ ಈಜುಕೊಳ ಖಾಲಿಯಾಗಿ ಸದಸ್ಯರು ನೆಲದ ಮೇಲೆ ಈಜ್ತಿದ್ದಾರೆ!” ಎಂದರು ಕಾರ್ಯದರ್ಶಿ. “ಊರಿನ ಬಟ್ಟೆಯೆಲ್ಲ ನನ್ನ ಮನೇಲಿ ಗುಡ್ಡೆ ಬಿದ್ದಿದೆ,” ಎಂದ ಲಾಂಡ್ರಿಯಣ್ಣ. ಎಲ್ಲರೂ ಒಟ್ಟಿಗೆ ಕೂಗತೊಡಗಿದರು. ನಾನು ಅವರ ಉಸಿರು ಮುಗಿಯುವವರೆಗೆ ಕಾದೆ. ಕಾಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

“ಲಾಂಡ್ರಿಯಣ್ಣಾ,” ಎಂದೆ, “ನಿನ್ನ ಮನೆ ನಲ್ಲೀಲಿ ಇವತ್ತು ನೀರು ಬಂತಲ್ಲ, ಹೇಗೆ ಬಂತು?”

“ಧೋ ಅಂತ ಬಂತು ಅಕ್ಕಾ. ನನ್ನ ಹೆಂಡತಿ ಬೂಟು ಕೂಡ ತುಂಬಿಸಿಟ್ಟಿದ್ದಾಳೆ. ಗೊತ್ತಿಲ್ದೆ ಕಾಲು ಹಾಕ್ದೆ.”

“ನಿನ್ನ ಮೋಟಾರು ಹಾಸಿಗೆ ಪಕ್ಕ ಮಲಗಿತ್ತಲ್ಲ, ಅದಕ್ಕೇ ಬಂತು. ನಮ್ಮ ಬೀದಿಗೆ ಬರೋ ಒಂದೇ ನೀರಿನ ಲಾರಿಗೆ ನಾವು ಸರದಿ ಮಾಡ್ಕೊಂಡು, ಜುಟ್ಟು ಹಿಡೀದೆ ಬದುಕಿಲ್ವೇ? ನದಿಗೊಂದು ಸರದಿ ಇಟ್ಕೊಳ್ಳೋಕೆ ಏನಂತೆ?”

ಲಾಂಡ್ರಿಯಣ್ಣ ತಲೆ ಕೆರೆದುಕೊಂಡ. ಒದ್ದೆ ಕಾಲು ನೋಡಿಕೊಂಡ. “ನಾನು ಸೋಮವಾರ ತಗೋತೀನಿ,” ಎಂದ. ಕೂಡಲೇ ಕ್ಲಬ್ಬಿನವರು, “ಅದ್ಹೇಗೆ, ಸೋಮವಾರ ನಮಗೆ ಬೇಕು!” ಎಂದರು. ಸರದಿ ಬೇಕೇ ಬೇಡವೇ ಎಂಬ ಜಗಳ ಹೋಗಿ, ಯಾರಿಗೆ ಯಾವ ವಾರ ಎಂಬ ಜಗಳವಾಯಿತು. ಅಲ್ಲಿಗೆ ಸರದಿ ಬಂದ ಹಾಗೆಯೇ. ಸಾಹೇಬರ ಕಣ್ಣಲ್ಲಿ ಬೆಳಕು ಮೂಡಿತು. ಪೆನ್ನು ತೆಗೆದರು. “ಪ್ರವಾಹ ಮುನ್ನೆಚ್ಚರಿಕೆ ಕ್ರಮವಾಗಿ, ಮೋಟಾರುಗಳು ಇನ್ನು ಮುಂದೆ ಸರದಿಯ ಪ್ರಕಾರ ಮಾತ್ರ ದಂಡೆಗೆ ಇಳಿಯತಕ್ಕದ್ದು. ಮೇಲಿನ ಊರುಗಳಿಗೂ ಪ್ರತಿ ಕಳಿಸಿ. ಮತ್ತೆ ಈ ಪಟ್ಟಿ... ಪಟ್ಟಿಯನ್ನು...” ಎಂದು ನಮ್ಮನೆಯವರನ್ನು ದುರುಗುಟ್ಟಿ ನೋಡಿದರು. “ಸೌಂದರ್ಯದ ದೃಷ್ಟಿಯಿಂದ ಪುನಃ ಬರೆಸತಕ್ಕದ್ದು.”

“ಸೌಂದರ್ಯಕ್ಕೇನಾಗಿದೆ ಸಾರ್?” ಎಂದು ನಮ್ಮನೆಯವರು ಶುರು ಮಾಡಿದರು. ನಾನು ತೋಳು ಹಿಡಿದು ಹೊರಗೆ ಕರೆತಂದೆ.

ಮರುದಿನ ಅವರು ಏಣಿ ಹತ್ತುವಾಗ ಇಡೀ ಊರು ದಂಡೆಯಲ್ಲಿತ್ತು. ನಗಲೆಂದೇ ಬಂದಿದ್ದರು, ಹೊಟ್ಟೆ ತುಂಬ ನಕ್ಕರು. “ಬೋರ್ಡಪ್ಪಾ, ಒಂದು ಎಲ್ಲಿ?” ಎಂದು ಒಬ್ಬ ಕೂಗಿದರೆ, “ಕೆಳಗೆ! ಕೆಳಗೆ!” ಎಂದು ಊರಿಗೆ ಊರೇ ಕೂಗುತ್ತಿತ್ತು. ಅವರೂ ನಕ್ಕು, ಬ್ರಷ್ಷು ಎತ್ತಿ ಸಲಾಮು ಹೊಡೆದು, ಈ ಸಲ ತಳದಿಂದ ಬರೆಯುತ್ತಾ ಬರೆಯುತ್ತಾ ಮೇಲಕ್ಕೆ ಹತ್ತಿದರು. ಕೆಳಗಿನ ಅಂಕಿಗಳಿಗೆ ಕತ್ತಿನ ತನಕ ನೀರಲ್ಲಿ ನಿಲ್ಲಬೇಕಾಯಿತು. ಅವನ್ನು ತಗಡಿನ ಮೇಲೆ ಬರೆದುಕೊಂಡು ಹೋಗಿ ಮೊಳೆ ಹೊಡೆದರು.

ಕೊನೆಗೆ ಏಣಿ ತೆಗೆದಾಗ ನೀರು ಮುಟ್ಟುತ್ತಿದ್ದದ್ದು ಐದನ್ನು. ಅದರ ಮೇಲೆ ಆರು, ಏಳು, ಎಂಟು, ಒಣಗಿದ ಹದಿನೈದು ಅಂಕಿಗಳು. ಅಷ್ಟು ಮೇಲೆ, ಹದಿನೇಳರಲ್ಲಿ, ಯಾರ ಕೈಗೂ ಎಟುಕದಲ್ಲಿ ಕೆಂಪು ಗೆರೆ. ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಷ ನೀರು ಆ ಗೆರೆಯನ್ನು ಮುಟ್ಟಿದ್ದನ್ನು ಕಂಡಿದ್ದೆ. ಜನ ನಗುವುದನ್ನು ನಿಲ್ಲಿಸಿದರು.

“ಇಷ್ಟೇನಾ?” ಎಂದಳು ಲಾಂಡ್ರಿಯಣ್ಣನ ಹೆಂಡತಿ. “ಇಪ್ಪತ್ತರಲ್ಲಿ ಐದೇನಾ ಇರೋದು? ಇದನ್ನೇ ಅಷ್ಟು ಮೋಟಾರು ಕುಡೀತಿದ್ವಾ?”

ಅವತ್ತಿನಿಂದ ಊರಿಗೊಂದು ಹೊಸ ಚಟ ಹತ್ತಿತು. ಎದುರಾದವರೆಲ್ಲ, “ಚೆನ್ನಾಗಿದ್ದೀರಾ?” ಎನ್ನುವ ಬದಲು, “ಇವತ್ತೆಷ್ಟು?” ಎನ್ನುತ್ತಾರೆ. ಐದೂವರೆ ಆದ ದಿನ ಲಾಂಡ್ರಿಯಣ್ಣ ಬೀದಿಗೆಲ್ಲ ಚಹಾ ಕೊಡಿಸಿದ. ನಾಲ್ಕೂಮುಕ್ಕಾಲಾದ ದಿನ ಕ್ಲಬ್ಬಿನವರು ತಲೆ ತಗ್ಗಿಸಿಕೊಂಡು ಓಡಾಡಿದರು. ಅಳತೆ ಗುಮಾಸ್ತನಂತೂ ಈಗ ನೀರನ್ನೂ ನೋಡುತ್ತಾನಂತೆ.

ನಲ್ಲಿ ಬೆಳಗಿನ ಹೊತ್ತು ತಪ್ಪದೆ ಬರತೊಡಗಿತು. ಧೋ ಎಂದಲ್ಲ. ಸಭ್ಯವಾಗಿ, ಮನೆಗೆ ಬಂದ ಸಂಭಾವಿತ ನೆಂಟರ ಹಾಗೆ. ಒಂದಷ್ಟು ದಿನ ಬಂದದ್ದು ನೋಡಿ, ನಾನು ಗಡಿಯಾರದ ಹಿಂದಿನಿಂದ ಕಾಗದ ತೆಗೆದು ಧೂಳು ಒರೆಸಿದೆ. “ನಲ್ಲಿಯಲ್ಲಿ ನೀರು ಬರುತ್ತಿದೆ” ಎಂಬುದರ ಕೆಳಗೆ ನಿಧಾನವಾಗಿ ಸೇರಿಸಿದೆ: “ಬೆಳಿಗ್ಗೆ ಮಾತ್ರ. ಮಗುವಿನ ಬಟ್ಟೆಗೆ ಸಾಕು, ಅದನ್ನು ಒಗೆದ ನೀರು ನೆಲಕ್ಕೆ ಸಾಕು. ಪ್ರವಾಹ ಇಲ್ಲ, ಇರಲೂ ಇಲ್ಲ. ಮುಂದೆ ಬಂದರೆ ನಿಮ್ಮ ಬೀಗರು ತಂದದ್ದೆಂದು ತಿಳಿಯುವುದು.” ಕೆಳಗೆ ಸಹಿ ಹಾಕಿದೆ.

“ವಿಳಾಸ ನಾನು ಬರೀತೀನಿ,” ಎಂದು ನಮ್ಮನೆಯವರು ಲಕೋಟೆ ಕಿತ್ತುಕೊಂಡರು. “ಬೀಗರ ಮನೆಗೆ ಹೋಗೋದು, ಅಕ್ಷರ ನೋಡಿದ್ರೆ ದಂಗಾಗಬೇಕು.” ಸಣ್ಣ ಬ್ರಷ್ಷಿನಲ್ಲಿ, ನಾಲಿಗೆ ಕಚ್ಚಿಕೊಂಡು, ನೆರಳು ಬಿಡಿಸಿ ಬರೆದರು. ಮುತ್ತು ಪೋಣಿಸಿದ ಹಾಗಿತ್ತು. ಬಣ್ಣ ಒಣಗಿದ ಮೇಲೆ ಪೆಟ್ಟಿಗೆಯ ಹತ್ತಿರ ಹೋದೆವು. ಪೋಸ್ಟಣ್ಣ ಸೈಕಲ್ಲಿಂದ ಇಳಿದು, “ಅಂತೂ ಹೊರಟಿತಾ ಅಮ್ಮಾ!” ಎಂದು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಹುಬ್ಬು ಮೇಲೇರಿತು.

“ಅಕ್ಷರ ಬಹಳ ಚೆನ್ನಾಗಿದೆ ಬೋರ್ಡಪ್ಪೋರೇ. ಆದರೆ ತಲುಪಬೇಕಾದವರ ಜಾಗದಲ್ಲಿ ನಿಮ್ಮ ವಿಳಾಸ ಬರೆದಿದ್ದೀರಿ. ಇದನ್ನ ಹಾಕಿದ್ರೆ ನಾಳೆ ಬೆಳಿಗ್ಗೆ ನಾನೇ ತಂದು ನಿಮ್ಮ ಕೈಗೆ ಕೊಡಬೇಕು.”

ನಮ್ಮನೆಯವರು ಲಕೋಟೆ ನೋಡಿದರು, ನನ್ನನ್ನು ನೋಡಿದರು, ಟವೆಲಿಗಾಗಿ ಹೆಗಲು ತಡಕಿದರು. ನಾನು ಪೋಸ್ಟಣ್ಣನ ಚೀಲದಿಂದ ಹೊಸ ಲಕೋಟೆ ತೆಗೆದುಕೊಂಡು, ಅವನದೇ ಪೆನ್ನು ಇಸಿದುಕೊಂಡು, ಸೈಕಲ್ಲಿನ ಸೀಟಿನ ಮೇಲೆ ಇಟ್ಟು, ನನ್ನ ಸೊಟ್ಟ ಅಕ್ಷರದಲ್ಲಿ ಬೀಗತಿಯ ವಿಳಾಸವನ್ನು ಒಂದೊಂದಾಗಿ ಬರೆದೆ.

“ಕೊಡಿ ಅಮ್ಮಾ, ನಾನೇ ಚೀಲಕ್ಕೆ ಹಾಕ್ಕೋತೀನಿ,” ಎಂದ ಪೋಸ್ಟಣ್ಣ.

“ಬೇಡಪ್ಪಾ. ಇಷ್ಟು ದಿನ ಬಾಯಿ ತೆರ್ಕೊಂಡು ಕಾದಿದೆಯಲ್ಲ, ಪೆಟ್ಟಿಗೆಗೇ ಹಾಕ್ತೀನಿ.”

ನಮ್ಮನೆಯವರು ಪೆಟ್ಟಿಗೆಯ ಬಾಯಿಯ ಮುಚ್ಚಳ ಎತ್ತಿ ಹಿಡಿದರು. ನಾನು ಕೈ ಬಿಟ್ಟೆ. ಕಾಗದ ಒಳಗೆ ಟಪ್ ಎಂದು ಬಿತ್ತು, ಮೇಲಿನಿಂದ ಕೆಳಕ್ಕೆ.

“ನೋಡಿದ್ಯಾ,” ಎಂದರು ಅವರು, ಮುಖ ಅರಳಿಸಿಕೊಂಡು. “ನನ್ನ ಶಾಸ್ತ್ರವೇ ಸರಿ.”